ನಾಲ್ಕನೇ ಪರೀಕ್ಷೆ

"ಇನ್ನೂ ಎಷ್ಟು ಹೊತ್ತೋ ನಿಂದು? ಹತ್ತು ಗಂಟೆಗೆಲ್ಲ ಬಂದು ವಕ್ಕರಿಸ್ತಾಳೆ ಅವಳು!"

ಪೆಟ್ರೋಲ್ ಬಂಕಿನ ಯಜಮಾನ ಭಾಮೈದನ ಮೇಲೆ ಹರಿಹಾಯ್ದ. ಬಂಕಿನ ಹಿಂದಿದ್ದ ಪರೀಕ್ಷೆಯ ಕೊಳವೆಬಾವಿಗೆ ಟ್ಯಾಂಕರಿನ ನೀರು ಗೊಳಗೊಳ ಇಳಿಯುತ್ತಿತ್ತು.

"ಮುಗೀತು ಭಾವ. ಟ್ಯಾಂಕು ಮೂರು ಸಲ ಸೋಪು ಹಾಕಿ ತೊಳೆದೇ ತಂದಿದ್ದೀನಿ. ನಂಗಂತೂ ಏನೂ ಗೊತ್ತಾಗ್ತಿಲ್ಲ, ನೀವೊಂದ್ಸಲ ಮೂಸಿ ನೋಡಿಬಿಡಿ."

ಯಜಮಾನ ಬಗ್ಗಿ ಮೂಸಿದ. "ಪರಿಶುದ್ಧ! ಮೂವತ್ತು ವರ್ಷ ಪೆಟ್ರೋಲ್ ನಡುವೆ ಬಾಳಿದ ಮೂಗು ಕಣೋ ಇದು. ನಂಗೇ ಹೇಳಿಕೊಡ್ತೀಯಾ?"

ಮೂಗಿನ ಬಗ್ಗೆ ಈ ಮನುಷ್ಯನಿಗೆ ಮೊದಲಿನಿಂದಲೂ ಜಂಬ. ಎರಡು ವರ್ಷದ ಹಿಂದೆ ನೆಲದಡಿಯ ಪೆಟ್ರೋಲ್ ಟ್ಯಾಂಕು ತುಕ್ಕು ಹಿಡಿದು ಸೋರಿತ್ತು. ಸೋರಿದ್ದು ಅಂತರ್ಜಲಕ್ಕಿಳಿದು, ಅದು ಹರಿದ ಕಡೆಗೇ ತೆವಳಿ, ಪಕ್ಕದ ಮನೆಯ ಟೀಚರಮ್ಮನ ಬಾವಿ ಸೇರಿತು. ಆಕೆ ಕೊಡ ಹೊತ್ತು ತಂದು ಮುಂದಿಟ್ಟರೆ, ಈತ ಮೂಸಿ, "ಏನೂ ಇಲ್ಲವಲ್ಲಮ್ಮ, ವಯಸ್ಸಾದ್ರೆ ಹಾಗೇ" ಎಂದು ಹಲ್ಲುಕಿರಿದು ಸಾಗಹಾಕಿದ್ದ. ಆಕೆ ದೂರು ಕೊಟ್ಟ ಮೇಲೆ ಬಂಕಿಗೆ ಬೀಗ ಬಿತ್ತು. ತಕ್ಕ ಶಾಸ್ತಿ!

ಬೀಗ ತೆಗೆಯಬೇಕಾದರೆ ಮೂರು ತಿಂಗಳಿಗೊಂದರಂತೆ ನಾಲ್ಕು ಪರೀಕ್ಷೆ ಆಗಬೇಕು, ನಾಲ್ಕರಲ್ಲೂ ನೀರು ಶುದ್ಧವಿರಬೇಕು. ಒಂದರಲ್ಲಿ ಕೆಟ್ಟರೂ ಪರವಾನಗಿ ಶಾಶ್ವತವಾಗಿ ರದ್ದು. ನಡುವೆ ಯಾರಿಗೂ ಫಲಿತಾಂಶ ಹೇಳುವ ಪದ್ಧತಿಯಿಲ್ಲ. ಇವತ್ತು ನಾಲ್ಕನೆಯದು; ಉಳಿದ ಪೆಟ್ರೋಲು ತೊಳೆದುಹೋಗಲೆಂದು ಇದೇ ಮೊದಲ ಸಲ ಟ್ಯಾಂಕರ್ ತರಿಸಿದ್ದ.

ನೀರಿನ ಪರೀಕ್ಷೆಗೆ ಬರುವ ಹೆಣ್ಣುಮಗಳು ಮೊದಲ ದಿನವೇ ಬಿಡಿಸಿ ಹೇಳಿದ್ದಳು. "ಸೋರೋದು ನಿಂತಿದೆ. ಉಳಿದ ಪೆಟ್ರೋಲನ್ನ ಮಣ್ಣಿನ ಸೂಕ್ಷ್ಮಜೀವಿಗಳೇ ತಿಂದು ಮುಗಿಸ್ತವೆ. ನೀವು ಸುಮ್ಮನಿದ್ರೆ ಸಾಕು."

"ಹುಳ ಪೆಟ್ರೋಲ್ ಕುಡಿಯುತ್ತಂತೆ!" ಎಂದು ಅವತ್ತು ಊಟಕ್ಕೆ ಕೂತಾಗಲೂ ಈತ ನಕ್ಕಿದ್ದೇ ನಕ್ಕಿದ್ದು. ಸುಮ್ಮನಿರುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತಿತ್ತು ಮಹಾಶಯನಿಗೆ.

ಹತ್ತಕ್ಕೆ ಸರಿಯಾಗಿ ಅವಳು ಬಂದಳು. ಬಾವಿಗೆ ಸಣ್ಣ ಪಂಪು ಇಳಿಸಿ ಬಾಟಲಿ ತುಂಬಿಸಿಕೊಂಡಳು. ಮುಚ್ಚಳ ಹಾಕಹೋದವಳು ತಡೆದು, ಬಾಟಲಿಯನ್ನು ಬಿಸಿಲಿಗೆ ಹಿಡಿದಳು. ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆ. ಮೂಗು ಸಿಂಡರಿಸಿ ಮುಖ ಹಿಂದಕ್ಕೆಳೆದುಕೊಂಡಳು.

ಯಜಮಾನ ದಡಬಡಿಸಿ ಹತ್ತಿರ ಬಂದ. ಇಡೀ ಟ್ಯಾಂಕರ್ ಸುರಿದರೂ ಹೋಗಲಿಲ್ಲವೇ ಈ ಶನಿ? "ಇನ್ನೂ ಇದೆಯೇನಮ್ಮ, ಪೆಟ್ರೋಲು? ಸ್ವಲ್ಪ ಉಳಿದಿರಬಹುದು... ನೀವು ಮನಸ್ಸು ಮಾಡಿದ್ರೆ..."

"ಇದು ಪೆಟ್ರೋಲಲ್ಲ. ಡೀಸೆಲ್."

"ಛೆ ಛೆ! ನಾನು ಡೀಸೆಲ್ ಮಾರಿದ್ದೇ ಇಲ್ಲ, ಯಾರನ್ನ ಬೇಕಾದ್ರೂ ಕೇಳಿ!"

ಅವಳ ಕಣ್ಣು ಒದ್ದೆ ನೆಲದ ಮೇಲೆ ಹಾಯ್ದು, ಗೇಟಿನ ಬಳಿಯಿದ್ದ ಟ್ಯಾಂಕರಿನ ಮೇಲೆ ನಿಂತಿತು. "ಅದರಲ್ಲಿ ದಿನಾ ಏನು ಸಾಗಿಸ್ತೀರಿ?"

ಭಾವ ಕಣ್ಸನ್ನೆ ಮಾಡುವಷ್ಟರಲ್ಲಿ ಭಾಮೈದ ಬಾಯಿಬಿಟ್ಟಾಗಿತ್ತು. "ಡೀಸೆಲ್ಲು, ಮೇಡಂ. ಆದ್ರೆ ಸೋಪು ಹಾಕಿ ತೊಳೆದಿದ್ದೆ."

ಅವಳು ಮುಚ್ಚಳ ಬಿಗಿದು, ಬಾಟಲಿಯ ಮೇಲೆ ತಾರೀಖು ಬರೆದಳು.

"ಹಿಂದಿನ ಮೂರು ಸಲವೂ ನಿಮ್ಮ ಬಾವಿ ಶುದ್ಧವಾಗೇ ಇತ್ತು, ಯಜಮಾನ್ರೇ."