ಕಾಮಕಸ್ತೂರಿಯ ಲೋಟ

ನಮ್ಮ ಸೋದರತ್ತೆ ಈಗಲೂ ಬೇಸಿಗೆ ಬಂತೆಂದರೆ ಕಾಮಕಸ್ತೂರಿ ಬೀಜ ನೆನೆಹಾಕುತ್ತಾಳೆ. ಲೋಟದಲ್ಲಿ ಅವು ಲೋಳೆಲೋಳೆಯಾಗಿ ಉಬ್ಬುವುದನ್ನು ಕಂಡರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನನ್ನ ಚಿಕ್ಕಂದಿನಲ್ಲಿ, ನಂದಗುಡಿಯ ಮನೆಯಲ್ಲಿ, ಒಂದು ಮಧ್ಯಾಹ್ನ ಅವನ್ನು ನೆನೆಹಾಕಿದ್ದವಳು ಅಜ್ಜಿ. ಟಿಬಿ ಮಾತ್ರೆ ನುಂಗುತ್ತಿದ್ದ ಅತ್ತೆಗೆ ಉಚ್ಚೆ ಕೆಂಪಗೆ ಹೋಗುತ್ತಿತ್ತು.

"ಮಾತ್ರೆ ಉಷ್ಣ ಕಣೇ, ರಕ್ತಾನೇ ಹೋಗ್ತೈತೆ. ಕೆಮ್ಮು ನಿಂತೈತಲ್ಲ, ಸಾಕು ಬಿಡು" ಎಂದು ಅಜ್ಜಿ ಮಾತ್ರೆ ಬಿಡಿಸಿ, ಹೊತ್ತುಹೊತ್ತಿಗೂ ತಂಪು ಕುಡಿಸುತ್ತಿದ್ದಳು. ಅತ್ತೆ ಹಿತ್ತಲಿಗೂ ಬಾಗಿಲಿಗೂ ಸುಮ್ಮಸುಮ್ಮನೆ ಓಡಾಡುತ್ತಿದ್ದಳು. ಅವಳ ಸೆರಗು ಹಿಡಿದು ನಾನೂ.

ಮಾತ್ರೆ ಕೊಡುವ ಆಶಾ ಅಕ್ಕ ಬಂದರು. ವಿಷಯ ಕೇಳಿ, "ಅಜ್ಜಿ, ಅದು ರಕ್ತ ಅಲ್ಲ, ಮಾತ್ರೆ ಬಣ್ಣ. ನಡುವೆ ಬಿಟ್ರೆ ಕಾಯಿಲೆ ಬಲಿತು ವಾಪಸ್ ಬರುತ್ತೆ. ಆಮೇಲೆ ಈ ಮಾತ್ರೆಗೂ ಬಗ್ಗಲ್ಲ" ಎಂದರು.

"ಬಿಸಿಲಲ್ಲಿ ಬಂದಿದ್ದೀಯ, ಮೊದ್ಲು ಇದನ್ನ ಕುಡಿಯಮ್ಮ" ಎಂದಳು ಅಜ್ಜಿ, ಏನೂ ಕೇಳಿಸದವಳಂತೆ.

ಅಕ್ಕ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಅತ್ತೆಯ ಅಂಗೈಗೆ ಮಾತ್ರೆ ಹಾಕಿದರು. "ನೀವು ಕೊಟ್ಟಿದ್ದನ್ನ ನಾನು ಕುಡಿದೆ ಅಜ್ಜಿ. ನಾನು ಕೊಟ್ಟಿದ್ದನ್ನ ಇವಳು ನುಂಗ್ಲಿ."

ಅತ್ತೆ ನುಂಗಲಿಲ್ಲ, ಅಜ್ಜಿಯ ಮುಖವನ್ನೇ ನೋಡುತ್ತಾ ನಿಂತಳು. ಮುಚ್ಚಿದ ಅಂಗೈ ಬೆವತು ಮಾತ್ರೆಯ ಬಣ್ಣ ಬೆರಳಸಂದಿಗೆ ಇಳಿಯುತ್ತಿತ್ತು.

ಅಜ್ಜಿ ಎದ್ದು ಇನ್ನೊಂದು ಲೋಟಕ್ಕೆ ನೀರು ಬಗ್ಗಿಸಿದಳು. ಅದನ್ನು ಅತ್ತೆಯ ಇನ್ನೊಂದು ಕೈಗೆ ಕೊಟ್ಟಳು.

"ನುಂಗೇ" ಎಂದಳು. "ಉಷ್ಣ ಆದ್ರೆ ನಾನಿದ್ದೀನಿ."