ದಾದಾಪೀರನ ರೋಸ್‌ಮರಿ ಗಿರಾಕಿ

ಗುರುವಾರ ಆ ಮನುಷ್ಯ ಮತ್ತೆ ಬಂದ. ಬೈಕು ನಿಲ್ಲಿಸಿ ಗಿಡಗಳ ಸಾಲಿನತ್ತ ನೆಟ್ಟಗೆ ನಡೆದ. ಆಚೆ ಈಚೆ ನೋಡದೆ ತುದಿಯ ಕುಂಡವನ್ನು ಎತ್ತಿಕೊಂಡ.

ನರ್ಸರಿಯ ಯಜಮಾನ ದಾದಾಪೀರ ಅನುಮಾನದಿಂದ ಅವನತ್ತ ನಡೆದ. ಬ್ಯಾಡಗಿಯಂಥ ಊರಲ್ಲಿ ವಾರ ವಾರವೂ ರೋಸ್‌ಮರಿಯೆಂಬ ವಿದೇಶಿ ಮಸಾಲೆ ಸೊಪ್ಪಿನ ಗಿಡ ಒಯ್ಯುವವನು ಒಂದೋ ಹುಚ್ಚ, ಇಲ್ಲವೇ ಕಳ್ಳ. ಈ ಯಲ್ಲೇಶನನ್ನು ನೋಡಿದರೆ ಹುಚ್ಚನಂತೆ ಕಾಣುತ್ತಿರಲಿಲ್ಲ.

"ಇದು ಯಾವ ಜಾತೀದ್ರಿ?" ಯಲ್ಲೇಶ ಕೇಳಿದ.

ದಾದಾಪೀರ ಒಂದು ಎಲೆ ಚಿವುಟಿ, ಬೆರಳಲ್ಲಿ ಹೊಸಕಿ, ಕಣ್ಣು ಮುಚ್ಚಿ ಮೂಸಿದ. "ಗೊರಿಜಿಯಾ. ಮೆತ್ತಗಿನ ವಾಸನಿ. ಆಲೂಗಡ್ಡಿ ಹುರಿಯೂಮುಂದ ಹಾಕ್ರಿ. ಹೋದ ವಾರ ಒಯ್ದೀರಲ್ಲ, ಅದು ಟಸ್ಕನ್ ಬ್ಲೂ. ಅದು ಮಟನ್ನಿಗೆ. ಎರಡೂ ಕಲಸಬ್ಯಾಡ್ರಿ ಮತ್ತ."

"ಇಲ್ರೀ, ಕಲಸಾಕ ಆಗೂದಽ ಇಲ್ಲ."

"ಜೋತುಬೀಳೂ ಜಾತಿನೂ ಐತಿ. ಗ್ವಾಡಿ ಮ್ಯಾಲಿಂದ ಇಳಿಬಿಟ್ರ ಚಂದ ಕಾಣ್ತೈತಿ."

"ಬ್ಯಾಡ್ರಿ. ನನಗ ಇದಽ ಬೇಕು."

ದಾದಾಪೀರ ಅರ್ಧ ಆಯುಷ್ಯವನ್ನು ಮೆಣಸಿನಕಾಯಿ ಪೇಟೆಯಲ್ಲಿ ಕಳೆದವನು. ಹೊರಗಿನವರು ಪೇಟೆಗೆ ಕಾಲಿಟ್ಟರೆ ಸೀನಿ ಸೀನಿ ಸುಸ್ತಾಗುತ್ತಾರೆ. ದಾದಾಪೀರ ಚೀಲಗಳ ಮೇಲೆ ಆರಾಮಾಗಿ ಕೂತು ಚಹಾ ಕುಡಿಯುತ್ತಿದ್ದ, ಒಂದು ಸೀನೂ ಬರುತ್ತಿರಲಿಲ್ಲ. ತನ್ನಷ್ಟು ಪಳಗಿದ ಮೂಗು ಜಿಲ್ಲೆಯಲ್ಲೇ ಇನ್ನೊಂದಿಲ್ಲ ಎಂಬುದು ಅವನ ಹೆಮ್ಮೆ.

ಪೇಟೆಯ ಅಂಗಡಿಯನ್ನು ಮಗ ಅಶ್ಫಾಕನಿಗೆ ಒಪ್ಪಿಸಿದ ಮೇಲೆ ಆ ಮೂಗು ಅಡುಗೆಮನೆಗೆ ನುಗ್ಗಿತು. ಉಳ್ಳಾಗಡ್ಡಿ ಇನ್ನೂ ಕೆಂಪಾಗಲಿ, ಮಸಾಲೆ ಈಗಲೇ ಬೇಡ ಎಂದು ಹೆಂಡತಿಯ ಬೆನ್ನ ಹಿಂದೆ ನಿಂತು ಉಪದೇಶ ಶುರುವಾಯಿತು. ಕುಲ್ಸುಮಬಿ ಎಷ್ಟು ದಿನ ತಡೆದಾಳು? "ಎಲ್ಲೆರ ಹೋಗಿ ಒಂದಿಷ್ಟು ಗಿಡಾ ಹಚ್ರೀ!" ಎಂದು ಸೌಟು ಕುಕ್ಕಿದಳು.

ಹಾಗೆ ಮೋಟೆಬೆನ್ನೂರು ರಸ್ತೆಯಲ್ಲಿ ನರ್ಸರಿ ಎದ್ದಿತು. ಮೊಬೈಲಿನಲ್ಲಿ ನೋಡಿದ ರೋಸ್‌ಮರಿಗೆ ಮನಸೋತು ಅದರ ಜಾತಿಗಳನ್ನೇ ತರಿಸಿದ. ಸರ್ವೆ ಮರದ ಎಲೆಯಂಥದ್ದನ್ನು ಸಾರಿಗೆ ಹಾಕುತ್ತಾರಂತೆ ಎಂದು ಊರು ನಕ್ಕಿತು. ಬೇಸಿಗೆ ಹೋಗಿ ಮಳೆಗಾಲ ಬಂದರೂ ಒಂದು ಗಿಡವೂ ಮಾರಾಟವಾಗಲಿಲ್ಲ. ಒಂದು ಸಂಜೆ ದಾದಾಪೀರ ತಾಟು ಸರಿಸಿ, "ಗೇಟಿಗೆ ಕೀಲಿ ಹಾಕಿಬಿಡ್ತೇನಿ. ಇನ್ನ ಮನ್ಯಾಗಽ ಇರ್ತೇನಿ," ಎಂದ. ಕುಲ್ಸುಮಬಿಗೆ ಕರುಳು ಚುರುಕ್ಕೆಂದಿತು. ಜೊತೆಗೆ ಗಾಬರಿಯೂ ಆಯಿತು.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ರಾಣೆಬೆನ್ನೂರಿನ ಧಾಬಾದ ಅಡುಗೆಯವ ಎಂದು ಹೇಳಿಕೊಂಡು ಯಲ್ಲೇಶ ಬಂದ. ಅಂದಿನಿಂದ ದಾದಾಪೀರನ ನಡಿಗೆಯೇ ಬದಲಾಯಿತು. ಇನ್ನೂ ವಿಚಿತ್ರವೆಂದರೆ, ಎಷ್ಟು ಮಾರಿದರೂ ಗಿಡಗಳ ಸಾಲು ಕರಗುತ್ತಿರಲಿಲ್ಲ.

"ಇದು ದೇವರು ಕೊಟ್ಟ ಬರ್ಕತ್!" ಎಂದು ಅವನು ಆಕಾಶ ನೋಡುತ್ತಿದ್ದ.

"ಖರೇನ, ಬರ್ಕತ್ತಽ ರೀ," ಎನ್ನುತ್ತಿದ್ದಳು ಕುಲ್ಸುಮಬಿ. ಈಗ ಅವಳಿಗೂ ನರ್ಸರಿಯ ಹುಚ್ಚು ಹಿಡಿದಿತ್ತು. ಗಂಡ ಏಳುವ ಮೊದಲೇ ಹೋಗಿ ನೀರು ಹಾಕಿ ಬರುವಳು. ಕುಂಡಗಳಿಗೆ ವಾರಕ್ಕೊಂದು ಬಣ್ಣ ಬಳಿಯುವಳು.

ಎಲ್ಲ ಚೆನ್ನಾಗಿತ್ತು. ಪಕ್ಕದ ಗೊಬ್ಬರದಂಗಡಿಯ ಖಲಂದರ ಅವನ ತಲೆಯಲ್ಲಿ ಹುಳ ಬಿಟ್ಟ. "ಕಾಕಾ, ಅಂವ ನಿಮ್ಮ ಗಿಡಾ ಒಯ್ದು, ಟೊಂಗಿ ಕತ್ತರಿಸಿ ಹಚ್ಚಿ, ಹಾವೇರ್ಯಾಗ ತನ್ನದಽ ನರ್ಸರಿ ತಗೀತಾನ. ನೋಡ್ತಿರ್ರಿ."

ದಾದಾಪೀರನ ನಿದ್ದೆ ಹಾರಿತು. ಇರುವುದೊಂದೇ ಗಿರಾಕಿ, ಅವನೇ ಎದುರಾಳಿಯಾದರೆ ಗೇಟಿಗೆ ಕೀಲಿಯೇ ಗತಿ. ಅದಕ್ಕೇ ಈ ಗುರುವಾರ ಯಲ್ಲೇಶ ಹೊರಟೊಡನೆ ಸ್ಕೂಟರ್ ಹತ್ತಿ ಬೆನ್ನು ಹತ್ತಿದ.

ಯಲ್ಲೇಶ ಮೋಟೆಬೆನ್ನೂರು ಕ್ರಾಸಿನವರೆಗೆ ಹೋದ. ಹಾವೇರಿಯ ಕಡೆಗೂ ತಿರುಗಲಿಲ್ಲ, ರಾಣೆಬೆನ್ನೂರಿನ ಕಡೆಗೂ ತಿರುಗಲಿಲ್ಲ. ಒಂದು ಚಹಾ ಕುಡಿದು ಮರಳಿ ಬ್ಯಾಡಗಿಗೇ ಬಂದ. ಕಳ್ಳ ಸಿಕ್ಕನೆಂದು ದಾದಾಪೀರ ಹಲ್ಲು ಕಡಿದ. ಬೈಕು ಪೇಟೆ ದಾಟಿತು, ಮಸೀದಿ ದಾಟಿತು, ದಾದಾಪೀರನ ಓಣಿಗೇ ಹೊಕ್ಕು ಅವನ ಮನೆಯ ಹಿತ್ತಲ ಬಾಗಿಲಲ್ಲೇ ನಿಂತಿತು.

ದಾದಾಪೀರ ಸ್ಕೂಟರ್ ಬಿಟ್ಟು ಗೋಡೆಯ ಮರೆಗೆ ಸರಿದ. ಬಾಗಿಲು ತೆರೆಯಿತು. ಕುಲ್ಸುಮಬಿ ಬಿಸಿ ಪುಲಾವಿನ ಡಬ್ಬಿ ಕೊಟ್ಟು ಕುಂಡ ಇಸಿದುಕೊಂಡಳು.

"ಖುಷಿ ಅದಾರಿಲ್ಲೋ ಅವರು?"

"ಭಾಳ ಖುಷಿ ಅದಾರ್ರೀ ಅಕ್ಕಾ."

"ಹಂಗಾರ ಲಗೂ ಹೇಳು, ಇದಽ ಗಿಡಕ್ಕ ಈ ವಾರ ಏನು ಹೆಸರಿಟ್ರು?"