ಊರಿನ ಶ್ರೇಷ್ಠ ಗಿರ್ಮಿಟ್

ಊರಿನ ಇನ್ನೂರ ಹನ್ನೊಂದು ಗಾಡಿಗಳ ಗಿರ್ಮಿಟ್ಟನ್ನು ಒಂದೇ ಮಧ್ಯಾಹ್ನ ತಿಂದು ಮುಗಿಸಿ, ಮನೆಗೆ ಹೋಗಿ ಊಟವನ್ನೂ ಮಾಡಿದವನು ತಾನೆಂದು ಸಿದ್ರಾಮಪ್ಪ ಪತ್ರಿಕೆಯ ತನ್ನ ಅಂಕಣದಲ್ಲಿ ಬರೆದುಕೊಂಡಿದ್ದ. ಶ್ರೇಷ್ಠವಾದದ್ದು ಇನ್ನೂ ಸಿಕ್ಕಿಲ್ಲವೆಂದೂ, ಕೆರೆ ದಂಡೆಯ ನೀಲವ್ವನದಂತೂ ಬರೀ ಸಪ್ಪೆಯೆಂದೂ ಸೇರಿಸಿದ್ದ.

ಮರುವಾರ ಅವನು ಕೆರೆ ದಂಡೆಯ ದಾರಿಯಲ್ಲಿ ಬಂದಾಗ ನೀಲವ್ವ ಅಡ್ಡ ನಿಂತಳು. ಅವಳ ಗಾಡಿಯ ಮುಂದೆ ನರಪಿಳ್ಳೆಯೂ ಇರಲಿಲ್ಲ.

"ಇಪ್ಪತ್ತು ವರ್ಷದ ಗಿರಾಕಿ ನಿಮ್ಮ ಒಂದು ಸಾಲಿಗೆ ಓಡಿ ಹೋದ್ರು. ಸಪ್ಪೆ ಅಂದ ಬಾಯಿಲೆ ಇನ್ನೊಮ್ಮೆ ತಿಂದು ಹೇಳ್ರಿ."

"ನನ್ನ ನಾಲಿಗಿ ಅಂದ್ರ ಬಂಗಾರದ ತಕ್ಕಡಿ ನೀಲವ್ವಾ. ಉಪ್ಪು ಒಂದು ಹರಳು ಹೆಚ್ಚು ಕಡಿಮಿ ಆದ್ರೂ ತಿಳೀತದ."

ಅವಳು ಚುರುಮುರಿಗೆ ಗೊಜ್ಜು ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಪ್ಲೇಟನ್ನು ಅವನ ಮುಂದೆ ಕುಕ್ಕಿದಳು. ಸಿದ್ರಾಮಪ್ಪ ಕಣ್ಣು ಮುಚ್ಚಿಕೊಂಡು ಅಷ್ಟನ್ನೂ ತಿಂದ. ಬೆರಳನ್ನೂ ನೆಕ್ಕಿದ.

"ನನ್ನ ಮಾತಿಗೆ ಬೆಲಿ ಕೊಟ್ಟು ತಿದ್ಕೊಂಡೀ ನೋಡು. ಇವತ್ತು ಉಪ್ಪು ತೂಗಿ ಹಾಕಿದಂಗ ಅದ."

"ಎರಡು ಹಿಡಿ ಹಾಕೀನ್ರಿ. ನಾಯಿ ಸೈತ ಮೂಸಂಗಿಲ್ಲ ಅದನ್ನ. ಇಂಥಾ ನಾಲಿಗಿ ಇಟ್ಕೊಂಡು ನನ್ನ ಹೊಟ್ಟಿ ಮ್ಯಾಲ ಹೊಡದ್ರೇನು?"

ಸಿದ್ರಾಮಪ್ಪ ಖಾಲಿ ಪ್ಲೇಟನ್ನು ಗಾಡಿಯ ಮೇಲಿಟ್ಟ.

"ಹೋದ ವರ್ಷ ಜ್ವರ ಬಂದು ಹೋದಾಗಿಂದ ಬಾಯಿಗೆ ಏನೂ ತಿಳೀವಲ್ದು ಯವ್ವಾ. ಯಾವ ಗಾಡಿಯಾಗರ ಒಂದು ಹರಳು ಉಪ್ಪು ನಾಲಿಗಿಗೆ ಹತ್ತೀತೇನಂತ ಊರೆಲ್ಲಾ ಹುಡುಕಾಕತ್ತೀನಿ."